ಮೊಲದ ಕಿವಿಯ ಎಮ್ಮೆ

ಪ್ರಶ್ನೆ: ನಾನು ಅಂಗನವಾಡಿ ಕಾರ್ಯಕರ್ತೆ. ಮೂರರಿಂದ ಆರು ವರ್ಷದ 18 ಮಕ್ಕಳಿದ್ದಾರೆ. ಮೊಬೈಲಲ್ಲಿ ವಿಡಿಯೋ ನೋಡಿ ಪ್ರಾಣಿಗಳ ಗೊಂಬೆ ಮಾಡಿಸಲು ಹೋದೆ. ಕತ್ತರಿಸುವುದು, ಅಂಟಿಸುವುದು ಎಲ್ಲಾ ನಾನೇ ಮಾಡಿದ್ದಾಯ್ತು, ಮಕ್ಕಳು ಹತ್ತೇ ನಿಮಿಷಕ್ಕೆ ಎದ್ದು ಓಡಿದರು. ಖರ್ಚಿಲ್ಲದೆ, ಅವರ ಕೈಯಲ್ಲೇ ಆಗುವಂಥದ್ದು ಏನಾದರೂ ಇದೆಯಾ?
– ಹೆಸರು ಬೇಡ, ಅರಸೀಕೆರೆ

ಉತ್ತರ: ಓಡದೆ ಇನ್ನೇನು ಮಾಡ್ತಾರೆ ಹೇಳಿ! ನೀವು ಕತ್ತರಿಸುತ್ತಾ ಕೂತರೆ ಅವರಿಗೇನು ಕೆಲಸ?

ಸಾಕ್ಸ್‌ನಿಂದ ಶುರು ಮಾಡಿ. ಜೋಡಿ ಕಳೆದುಹೋದ ಒಂಟಿ ಸಾಕ್ಸ್ ಇಲ್ಲದ ಮನೆ ಇಲ್ಲ, ಅಲ್ವಾ? ಆದರೆ ಅಪ್ಪನ ಸಾಕ್ಸ್ ಬೇಡ, ಪುಟ್ಟ ಕೈ ಅದರೊಳಗೆ ಕಳೆದೇ ಹೋಗುತ್ತದೆ. ಅಕ್ಕ, ಅಣ್ಣನಿಗೆ ಚಿಕ್ಕದಾದ ಸ್ಕೂಲ್ ಸಾಕ್ಸ್ ತರಲು ಹೇಳಿ. ಮಗು ಕೈ ತೂರಿಸಲಿ, ನಾಲ್ಕು ಬೆರಳು ಮೇಲೆ, ಹೆಬ್ಬೆರಳು ಕೆಳಗೆ. ಈಗ ತುದಿಯ ಬಟ್ಟೆಯನ್ನು ನೀವು ಮೆಲ್ಲಗೆ ಬೆರಳುಗಳ ನಡುವೆ ಒಳಕ್ಕೆ ಒತ್ತಿ. ಬಾಯಿ ಆಯ್ತು! ಕಣ್ಣು, ಕಿವಿ ಏನೂ ಇಲ್ಲದಿದ್ದರೂ ಅದು ಆಗಲೇ ಪಕ್ಕದವನನ್ನು ಕಚ್ಚಲು ಹೊರಟಿರುತ್ತದೆ. ಅವತ್ತಿಗೆ ಅಷ್ಟೇ ಸಾಕು, ಆಡಲು ಬಿಟ್ಟುಬಿಡಿ.

ಕಣ್ಣು ಮಾರನೇ ದಿನ. ಗುಂಡಿ ಬೇಡವೇ ಬೇಡ, ಈ ವಯಸ್ಸಿನವರು ಬಾಯಿಗೆ ಹಾಕ್ತಾರೆ, ಕೆಲವರು ಮೂಗಿಗೂ ತುರುಕಿಕೊಳ್ಳುತ್ತಾರೆ. ಕಪ್ಪು ಸ್ಟಿಕ್ಕರ್ ಬಿಂದಿ ಚೆನ್ನಾಗಿ ಕಾಣುತ್ತದೆ, ಆದರೆ ಸಾಕ್ಸ್ ಮೇಲೆ ನೇರವಾಗಿ ಅಂಟಿಸಿದರೆ ಸಂಜೆಯೊಳಗೆ ಉದುರುತ್ತದೆ. ನಾನು ಹಳೇ ಮದುವೆ ಕಾರ್ಡಿನಿಂದ ದೊಡ್ಡ ಬಿಳಿ ಬಿಲ್ಲೆ ಕತ್ತರಿಸಿ ಕೊಡುತ್ತೇನೆ, ಬಿಂದಿಯನ್ನು ಅದರ ಮೇಲೆ ಮಗುವೇ ಅಂಟಿಸುತ್ತದೆ, ಆಮೇಲೆ ಆ ಬಿಲ್ಲೆಗೆ ಸೂಜಿಯಲ್ಲಿ ನಾಲ್ಕು ಹೊಲಿಗೆ ಹಾಕಿದರೆ ಮುಗಿಯಿತು. ಮೂರು ಕಣ್ಣು ಬೇಕು ಅಂದರೆ ಮೂರು ಇಡಿ.

ಕಿವಿಗೆ ಟೈಲರ್ ಅಂಗಡಿಯ ಬಟ್ಟೆ ಚೂರು ಸಾಕು. ಉದ್ದದ್ದು, ಮೂರು ಮೂಲೆಯದ್ದು, ಜೋತುಬೀಳುವಂಥದ್ದು ಎಲ್ಲಾ ಕತ್ತರಿಸಿ ಒಂದು ತಟ್ಟೆಯಲ್ಲಿಡಿ, ಆರಿಸುವುದು ಅವರು. ನನ್ನ ಹತ್ತಿರ ಒಬ್ಬ ಮೊಲದ ಕಿವಿ ಎತ್ತಿಕೊಂಡು ಇದು ಎಮ್ಮೆ ಅಂದ. ಕೋಡು ಎಲ್ಲಪ್ಪಾ ಅಂದರೆ, ‘ಇದೇ, ಮೆತ್ತಗಿದೆ’ ಅಂದ. ನಾನು ತಿದ್ದಲು ಹೋಗಲಿಲ್ಲ.

ಹದಿನೆಂಟೂ ಜನರನ್ನು ಒಟ್ಟಿಗೆ ಕೂರಿಸಬೇಡಿ. ಐದು ಜನ ನಿಮ್ಮ ಹತ್ತಿರ, ಉಳಿದವರು ಸಹಾಯಕಿಯ ಜೊತೆ ಹಾಡಿಗೆ. ಗೊಂಬೆ ಆದಮೇಲೆ ‘ಕಥೆ ಹೇಳು’ ಅಂತ ಮಗುವಿನ ಬೆನ್ನು ಬೀಳುವುದೂ ಬೇಡ. ನೀವೂ ಒಂದು ಗೊಂಬೆ ಹಾಕಿಕೊಂಡು ಅದರ ಎಮ್ಮೆಯನ್ನೇ ಕೇಳಿ: ‘ಏನಮ್ಮಾ, ಬೆಳಗ್ಗೆ ಏನು ತಿಂದೆ?’ ಮಗುವಿನ ಮುಖ ನೋಡಬೇಡಿ, ಎಮ್ಮೆಯನ್ನೇ ನೋಡಿ. ತಿಂಗಳುಗಟ್ಟಲೆ ಬಾಯಿ ಬಿಡದವರೂ ಕೆಲವೊಮ್ಮೆ ಹೀಗೆ ಎಮ್ಮೆಯ ಬಾಯಿಂದ ಉತ್ತರ ಕೊಟ್ಟುಬಿಡುತ್ತಾರೆ.

ಮಳೆಗಾಲದ ಮೋಡದ ದಿನ ಇನ್ನೊಂದು ಆಟ ಇದೆ. ನಮ್ಮ ತೊಗಲು ಗೊಂಬೆಯವರ ಉಪಾಯವೇ, ತೊಗಲಿನ ಬದಲು ರಟ್ಟು, ದೀಪದ ಬದಲು ಟಾರ್ಚ್. ಬಿಳಿ ಪಂಚೆ ಕಟ್ಟಿ, ರಟ್ಟಿನ ಬೆಕ್ಕಿಗೆ ಒಂದು ಕಡ್ಡಿ ಅಂಟಿಸಿ. ಪಂಚೆಗೆ ತಾಗಿಸಿ ಹಿಡಿದರೆ ಬೆಕ್ಕಿನ ಮೀಸೆಯೂ ಕಾಣುತ್ತದೆ, ಟಾರ್ಚ್ ಕಡೆಗೆ ಹಿಂದೆ ಸರಿಸಿದರೆ ಮಂಕಾಗುತ್ತಾ ಆನೆಯಷ್ಟು ಬೆಳೆಯುತ್ತದೆ. ಆಗಿನ ಕಿರುಚಾಟಕ್ಕೆ ಮಾತ್ರ ನಾನು ಜವಾಬ್ದಾರಳಲ್ಲ.

ಪ್ರಶ್ನೆ: ಮೂರು ವರ್ಷದ ಮೊಮ್ಮಗಳಿಗೆ ಹುಲಿ ಕೈಗೊಂಬೆ ಮಾಡಿಕೊಟ್ಟೆ. ನೋಡಿದರೆ ಸಾಕು, ಅಳುತ್ತಾಳೆ. ಎಸೆದುಬಿಡಲೇ?
– ಒಬ್ಬ ಅಜ್ಜಿ, ಶಿರಸಿ

ಉತ್ತರ: ಎಸೆಯಬೇಡಿ ಅಜ್ಜಿ, ತಮಾಷೆಗೂ ಅದನ್ನು ಮುಖದ ಹತ್ತಿರ ತರಬೇಡಿ. ಅವಳ ಎದುರಿಗೇ ನಿಮ್ಮ ಕೈಯಿಂದ ಕಳಚಿ ತೋರಿಸಿ. ಎರಡು ದಿನ ಸುಮ್ನೆ ಮೂಲೆಯಲ್ಲಿ ಮಲಗಿರಲಿ. ಆಮೇಲೆ ಒಮ್ಮೆ ನೀವು ಕೈಗೆ ಹಾಕಿಕೊಂಡಾಗ, ಅದು ಅವಳನ್ನು ಕಂಡು ಗಡಗಡ ನಡುಗಿ ನಿಮ್ಮ ಸೆರಗಿನೊಳಗೆ ಅವಿತುಕೊಳ್ಳಲಿ. ಸೆರಗು ಸರಿಸಿ ಇಣುಕಿ ನೋಡಲು ಅವಳೇ ಬರುತ್ತಾಳೆ.