ಎಗ್ ಕ್ರೀಮಿನಲ್ಲಿ ಎಗ್ಗೂ ಇಲ್ಲ, ಕ್ರೀಮೂ ಇಲ್ಲ

ತಮ್ಮಾ,

ನೀನು ಅಕ್ಕಾ ಅಂತ ಕರೆದು ಬರೆದಿದ್ದೀಯ, ಹಾಗಾಗಿ ನಾನೂ ಬಹುವಚನ ಬಿಟ್ಟೇ ಬರೆಯುತ್ತೇನೆ. ಜೆರ್ಸಿ ಸಿಟಿಗೆ ಬಂದು ಮೂರು ತಿಂಗಳಾಯಿತು, ಶನಿವಾರ ಭಾನುವಾರ ರೂಮಿನಲ್ಲೇ ಬಿದ್ದಿರುತ್ತೇನೆ ಅಂದೆ. ಆಫೀಸಿನ ಹಿರಿಯರೊಬ್ಬರು ಮ್ಯಾನ್‌ಹಾಟನ್ನಿನ ಯಹೂದಿ ಮ್ಯೂಸಿಯಂನಲ್ಲಿ ಬೇಸಿಗೆಯ ಸಂಗೀತ ಕಾರ್ಯಕ್ರಮಕ್ಕೆ ಕರೆದಿದ್ದಾರೆ. "ಅದು ಹಿಟ್ಲರ್ ಕಾಲದಲ್ಲಿ ಸತ್ತವರ ನೆನಪಿನ ಜಾಗ ಅಲ್ವಾ? ಅಲ್ಲಿ ಹಾಡು, ಕುಣಿತ ಹೇಗೆ? ಭಾಷೆ ಗೊತ್ತಿಲ್ಲ, ಧರ್ಮ ಗೊತ್ತಿಲ್ಲ, ಮಾಂಸ ಮೊಟ್ಟೆ ಮುಟ್ಟುವುದಿಲ್ಲ. ಹೋಗಿ ಏನು ಮಾಡಲಿ?" ಅಂತ ಕೇಳಿದ್ದೀಯ.

ಹೋಗು. ಬೇರೆ ಯೋಚನೆ ಬೇಡ.

ನಾನು 2006ರಲ್ಲಿ ಪುತ್ತೂರಿನಿಂದ ಬಂದವಳು. ಮೊದಲ ಆರೇಳು ವರ್ಷ ನನ್ನ ಅಮೆರಿಕ ಅಂದರೆ ಎಡಿಸನ್ನಿನಲ್ಲಿ ಇಂಡಿಯನ್ ಅಂಗಡಿಗಳಿರುವ ಓಕ್ ಟ್ರೀ ರೋಡು, ಬ್ರಿಜ್‌ವಾಟರ್ ದೇವಸ್ಥಾನ, ಅಮ್ಮನ ಫೋನು. ನದಿಯ ಆಚೆ ದಡದಲ್ಲಿ ನ್ಯೂಯಾರ್ಕಿನಂಥ ಊರಿದ್ದರೂ ಕೆಲಸಕ್ಕೆ ಮಾತ್ರ ಹೋಗುತ್ತಿದ್ದೆ. ಆ ವರ್ಷಗಳ ಬಗ್ಗೆ ನನಗೆ ಈಗಲೂ ಬೇಜಾರಿದೆ.

ನಿನ್ನ ಮೊದಲ ಅನುಮಾನಕ್ಕೆ ಬರುತ್ತೇನೆ. ಬ್ಯಾಟರಿ ಪಾರ್ಕಿನ ಹತ್ತಿರ ಇರುವ ಮ್ಯೂಸಿಯಂ ಆಫ್ ಜ್ಯೂಯಿಶ್ ಹೆರಿಟೇಜ್ ಶುರುವಾದದ್ದು 1997ರಲ್ಲಿ. ಆರು ಮೂಲೆಯ ಕಟ್ಟಡ, ಮೇಲೆ ಆರು ಅಂತಸ್ತಿನ ಸೂರು. ಹಿಟ್ಲರ್ ಕಾಲದಲ್ಲಿ ಸತ್ತ ಅರವತ್ತು ಲಕ್ಷ ಯಹೂದಿಗಳ ಲೆಕ್ಕವೂ ಅದರಲ್ಲಿದೆ, ಯಹೂದಿಗಳ ಗುರುತಾದ ಆರು ಮೂಲೆಯ ದಾವೀದನ ನಕ್ಷತ್ರವೂ ಇದೆ. ಅವರು ಅದನ್ನು ಕರೆಯುವುದು 'ಜೀವಂತ ಸ್ಮಾರಕ' ಅಂತ. ಒಳಗೊಂದು ತೋಟವಿದೆ. 2003ರಲ್ಲಿ ಆಂಡಿ ಗೋಲ್ಡ್ಸ್‌ವರ್ದಿ ಎಂಬ ಕಲಾವಿದ 18 ದೊಡ್ಡ ಬಂಡೆಗಳನ್ನು ತಂದು, ಒಳಗೆ ಕೊರೆದು, ಒಂದೊಂದರಲ್ಲೂ ಒಂದು ಓಕ್ ಸಸಿ ಇಡಿಸಿದ. ಸಸಿ ನೆಟ್ಟವರಲ್ಲಿ ಆ ಹತ್ಯಾಕಾಂಡದಿಂದ ಬದುಕಿ ಬಂದವರೂ ಇದ್ದರು. ಹೀಬ್ರೂ ಅಕ್ಷರಗಳಿಗೆ ಅಂಕಿಯ ಬೆಲೆ ಇದೆ. 'ಬದುಕು' ಎಂಬ ಅರ್ಥದ ಖಾಯ್ ಪದದ ಅಕ್ಷರ ಕೂಡಿಸಿದರೆ 18 ಬರುತ್ತದೆ. ಮಣ್ಣು ಹಿಡಿಯಷ್ಟು, ಸುತ್ತ ಗ್ರಾನೈಟ್ ಕಲ್ಲು. ಅದರ ನಡುವೆ ಗಿಡ. ಇಂಥ ಕಡೆ ಹಾಡು ಹೇಗೆ ಅಂತ ನೀನು ಕೇಳ್ತೀಯ!

ಅಲ್ಲಿ ನೀನು ಕೇಳಲಿರುವುದು ಬಹುಶಃ ಕ್ಲೆಜ್ಮರ್. ಹೀಬ್ರೂವಿನಲ್ಲಿ ಕ್ಲೇ ಅಂದರೆ ಸಲಕರಣೆ, ಝೆಮರ್ ಅಂದರೆ ಹಾಡು. ಪೂರ್ವ ಯುರೋಪಿನ ಪೇಟೆಗಳಲ್ಲಿ ಮದುವೆಗೆ ವಾದ್ಯ ನುಡಿಸುವವರಿಗೆ ಆ ಹೆಸರಿತ್ತು. ಮೊದಲು ಪಿಟೀಲು ದೊಡ್ಡದು, ಆಮೇಲೆ ಕ್ಲಾರಿನೆಟ್ ಬಂದು ಮುಂದಿನ ಸಾಲಿನಲ್ಲಿ ಕೂತಿತು. ನಮ್ಮ ಕಡೆ ಕದ್ರಿ ಗೋಪಾಲನಾಥರು ಸ್ಯಾಕ್ಸೋಫೋನಿಗೆ ಗಮಕ ಕಲಿಸಿದ ಮೇಲೆ ಮದುವೆ ಮಂಟಪದ ಮೂಲೆಯಲ್ಲಿ ಅದೇ ಕೇಳುತ್ತದಲ್ಲ, ಹಾಗೆ. ಅವರಲ್ಲಿ ಡೋಯ್ನಾ ಅಂತ ಒಂದಿದೆ. ತಾಳವಿಲ್ಲದೆ ನಿಧಾನಕ್ಕೆ ಶುರು, ಸ್ವರ ಸುತ್ತಿ ಸುತ್ತಿ ಬರುತ್ತದೆ, ಆಮೇಲೆ ಥಟ್ಟನೆ ಕುಣಿತದ ಗತಿಗೆ ಇಳಿಯುತ್ತದೆ. ಆಲಾಪನೆ ಕೇಳಿ ಬೆಳೆದ ಕಿವಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಕ್ಲಾರಿನೆಟ್ಟಿನಲ್ಲಿ ಒಂದು ಬಿಕ್ಕುವ ಸದ್ದು ತೆಗೆಯುತ್ತಾರೆ. ಸ್ವರ ಪೂರ್ತಿ ಹೊರಡುವ ಮೊದಲೇ ಗಂಟಲು ಕಟ್ಟಿದ ಹಾಗೆ ಕತ್ತರಿಸುತ್ತದೆ. ಅದನ್ನು ಕ್ರೆಖ್ತ್ಸ್ ಅಂತಾರೆ. ಹಳೇ ಕಾಲದಲ್ಲಿ ಮದುವೆಗೆ ಮುಂಚೆ ಬದ್ಖನ್ ಎಂಬ ಪದ ಕಟ್ಟುವವನು ಮದುಮಗಳನ್ನು ಕೂರಿಸಿ ಪ್ರಾಸದ ಮಾತಿನಲ್ಲೇ ಅಳಿಸುತ್ತಿದ್ದ. ಹೆಣ್ಣೊಪ್ಪಿಸುವ ಹಾಡು ಹೇಳಿ ನಮ್ಮವರು ಇಡೀ ಚಪ್ಪರವನ್ನೇ ಅಳಿಸುವುದಿಲ್ವಾ?

1908ರಲ್ಲಿ ನ್ಯೂಯಾರ್ಕಿಗೆ ಬಂದ ನಫ್ತುಲೆ ಬ್ರಾಂಡ್‌ವೈನ್ ಅಂತ ಒಬ್ಬ ಕ್ಲಾರಿನೆಟ್ ವಾದಕನಿದ್ದ. ಬೆರಳಾಟವನ್ನು ಬೇರೆಯವರು ಕದಿಯಬಾರದು ಅಂತ ಜನರಿಗೆ ಬೆನ್ನು ಹಾಕಿ ನುಡಿಸುತ್ತಿದ್ದನಂತೆ. ಇಂಥ ಹುಳುಕು ನಮ್ಮ ವಿದ್ವಾಂಸರಲ್ಲಿ ಮಾತ್ರ ಅಂದುಕೊಂಡಿದ್ದೆ.

ಭಾಷೆ ಗೊತ್ತಿಲ್ಲ ಅಂದೆಯಲ್ಲ. 2018ರ ಬೇಸಿಗೆಯಲ್ಲಿ ಇದೇ ಮ್ಯೂಸಿಯಂನ ರಂಗಮಂದಿರದಲ್ಲಿ 'ಫಿಡ್ಲರ್ ಆನ್ ದ ರೂಫ್' ನಾಟಕವನ್ನು ಪೂರ್ವ ಯುರೋಪಿನ ಯಹೂದಿಗಳ ಯಿಡ್ಡಿಷ್ ಭಾಷೆಯಲ್ಲಿ ಆಡಿದರು. ಆಡಿಸಿದ್ದು ಫೋಕ್ಸ್‌ಬೀನೆ ಎಂಬ ತಂಡ, 1915ರಲ್ಲಿ ಹುಟ್ಟಿದ್ದು, ಆಗ ಈ ಮ್ಯೂಸಿಯಂನಲ್ಲೇ ಬಿಡಾರ ಮಾಡಿತ್ತು. ಕೆಲವೇ ವಾರಕ್ಕೆ ಅಂತ ಶುರುವಾದದ್ದು ವರ್ಷದ ಕೊನೆಯವರೆಗೂ ನಡೆಯಿತು, ಆಮೇಲೆ ಬೇರೆ ಥಿಯೇಟರಿಗೆ ಹೋಗಿ 2020ರ ಜನವರಿವರೆಗೆ ಓಡಿತು. ನಾನು ಹೋದ ದಿನ ಒಂದು ವಿಚಿತ್ರ ಗಮನಿಸಿದೆ. ಪ್ರತಿ ತಮಾಷೆಗೂ ನಗು ಎರಡು ಸಲ ಬರುತ್ತಿತ್ತು. ನಟ ಮಾತು ಮುಗಿಸುವ ಮೊದಲೇ ಅಲ್ಲೊಂದು ಇಲ್ಲೊಂದು ಬಿಳಿ ತಲೆ ನಗುತ್ತಿತ್ತು. ಉಳಿದ ಸಭಾಂಗಣ ಕತ್ತು ಎತ್ತಿ ಪರದೆಯ ಮೇಲಿನ ಇಂಗ್ಲಿಷ್ ಅನುವಾದ ಓದಿ ಆಮೇಲೆ ನಗುತ್ತಿತ್ತು. ನನ್ನ ಪಕ್ಕದ ಅಜ್ಜಿ ಮೇಲೆ ನೋಡಲೇ ಇಲ್ಲ. ಅವರ ಆಚೆಗೆ ಕೂತ ಮೊಮ್ಮಗಳು ಪ್ರತಿ ಸಲವೂ ಮೊದಲು ಅಜ್ಜಿಯ ಮುಖ ನೋಡಿ, ಆಮೇಲೆ ಪರದೆ ನೋಡುತ್ತಿದ್ದಳು.

ನಮ್ಮ ಸಂಘದ ನಾಟಕದಲ್ಲಿ ನನ್ನ ಮಗ ಥೇಟ್ ಹಾಗೇ ನನ್ನ ಮುಖ ನೋಡುತ್ತಾನೆ. ನಮ್ಮಲ್ಲಿ ಪರದೆ ಮಾತ್ರ ಇಲ್ಲ. ಆ ರಾತ್ರಿ ಟ್ರೇನಿನಲ್ಲಿ ವಾಪಸ್ ಬರುವಾಗ ನನಗೆ ಯಾರ ಜೊತೆಯೂ ಮಾತಾಡುವುದು ಬೇಡವಾಗಿತ್ತು.

ಯಿಡ್ಡಿಷ್ ಮನೆಮಾತಾಗಿದ್ದವರು ಎರಡನೇ ಮಹಾಯುದ್ಧಕ್ಕೆ ಮೊದಲು ಒಂದು ಕೋಟಿಗೂ ಜಾಸ್ತಿ ಇದ್ದರು. ಬಲದಿಂದ ಎಡಕ್ಕೆ ಹೀಬ್ರೂ ಅಕ್ಷರದಲ್ಲಿ ಬರೆಯುತ್ತಾರೆ, ಮೂಲ ಜರ್ಮನ್, ನಡುನಡುವೆ ಹೀಬ್ರೂ ಮತ್ತು ಪೋಲೆಂಡ್-ರಷ್ಯಾ ಕಡೆಯ ಮಾತು. ಈಗ ಬ್ರೂಕ್ಲಿನ್ನಿನ ವಿಲಿಯಮ್ಸ್‌ಬರ್ಗ್, ಬರೋ ಪಾರ್ಕ್ ಕಡೆ ಮಡಿವಂತ ಕುಟುಂಬಗಳ ಮಕ್ಕಳು ಬೀದಿಯಲ್ಲಿ ಅದನ್ನೇ ಆಡುತ್ತಾರೆ. ಆದರೆ ಅವರು ಈ ನಾಟಕಕ್ಕೆ ಬರುವವರಲ್ಲ. ನಾಟಕಕ್ಕೆ ಬರುವವರಿಗೆ ಭಾಷೆ ಬರುವುದಿಲ್ಲ.

ಈಗ ನನ್ನ ಮಾನ ಹೋದ ಕತೆ. ಒಂದು ಯಹೂದಿ ಮ್ಯೂಸಿಯಂನ ಬಾಗಿಲಲ್ಲಿ ವಿಮಾನ ನಿಲ್ದಾಣದ ಹಾಗೆ ಚೀಲ ತಪಾಸಣೆ ಇತ್ತು. ನಾನು ನೀರಿನ ಬಾಟಲಿ, ಚಕ್ಕುಲಿ ಡಬ್ಬಿ ಹಾಕಿಕೊಂಡು ಹೋಗಿದ್ದದ್ದು ಚಿಕ್ಕಪ್ಪನ ಮಗಳ ಮದುವೆಯಲ್ಲಿ ಕೊಟ್ಟ ತಾಂಬೂಲದ ಚೀಲ. ಹಳದಿ ಬಟ್ಟೆ, ವಧೂವರರ ಹೆಸರು, ಗಣಪತಿ, ಎರಡೂ ಕಡೆ ಕೆಂಪು ಬಣ್ಣದಲ್ಲಿ ಅಂಗೈ ಅಗಲದ ಸ್ವಸ್ತಿಕ! ಅದು ಅಲ್ಲಿದೆ ಅಂತಲೇ ನನಗೆ ಹೊಳೆದಿರಲಿಲ್ಲ. ಹುಟ್ಟಿದಾಗಿನಿಂದ ಹೊಸ್ತಿಲಲ್ಲಿ ನೋಡಿದ್ದು ಕಣ್ಣಿಗೆ ಕಾಣುವುದೇ ಇಲ್ಲ. ಕಾವಲಿನವನು ಚೀಲ ನೋಡಿದ, ನನ್ನನ್ನು ನೋಡಿದ, ಮೆಲ್ಲಗೆ "ಮ್ಯಾಡಂ, ಇದು..." ಅಂದ. ಹಿಂದೆ ಸಾಲಿನಲ್ಲಿ ವಯಸ್ಸಾದವರೇ ಜಾಸ್ತಿ. ನಾನು ನಮ್ಮ ಧರ್ಮ, ನಮ್ಮ ಚಿಹ್ನೆ ಅಂತ ಶುರು ಮಾಡಿದೆ. ಅರ್ಧಕ್ಕೇ ನಿಲ್ಲಿಸಿ ಚೀಲದ ಒಳಮೈ ಹೊರಗೆ ತಿರುಗಿಸಿದೆ. ಚಕ್ಕುಲಿ ಡಬ್ಬಿ ಉರುಳಿ ಹೋಯಿತು. ಒಬ್ಬ ತಾತ ಎತ್ತಿಕೊಟ್ಟು, ಇಂಡಿಯಾದವರಾ ಅಂತ ಕೇಳಿದರು. ಅಷ್ಟೇ, ಬೇರೇನೂ ಅನ್ನಲಿಲ್ಲ. ಅವರು ಏನಾದರೂ ಅಂದಿದ್ದರೆ ಚೆನ್ನಾಗಿತ್ತು ಅನಿಸಿತು. ನಮ್ಮ ಸ್ವಸ್ತಿಕ ಸಾವಿರಾರು ವರ್ಷ ಹಳೆಯದು, ಸರಿ. ಆದರೆ ಅದನ್ನು ವಾದಿಸುವ ಜಾಗ ಆ ಬಾಗಿಲಲ್ಲ. ಲಾಕೆಟ್, ಕೀ ಚೈನ್, ಲ್ಯಾಪ್‌ಟಾಪ್ ಸ್ಟಿಕರ್ ಎಲ್ಲ ಒಮ್ಮೆ ನೋಡಿಕೋ.

ಹೇಳುವಾಗಲೇ ಹೇಳಿಬಿಡುತ್ತೇನೆ. ಹೊಗಳುವ ಉಮೇದಿನಲ್ಲಿ "ನಿಮ್ಮವರು ದುಡ್ಡಿನಲ್ಲಿ ಬಹಳ ಬುದ್ಧಿವಂತರಂತೆ" ಅನ್ನಬೇಡ. ಅದು ಅವರಿಗೆ ಹೊಗಳಿಕೆಯಾಗಿ ಕೇಳಿಸುವುದಿಲ್ಲ. ವಾಟ್ಸಾಪಿನಲ್ಲಿ ಓದಿದ ಇಸ್ರೇಲ್ ರಾಜಕೀಯವನ್ನೂ ಮೊದಲ ದಿನವೇ ತೆಗೆಯಬೇಡ. ಒಂದೇ ಮನೆಯಲ್ಲಿ ನಾಲ್ಕು ಅಭಿಪ್ರಾಯ ಇರುತ್ತದೆ.

ನನ್ನನ್ನು ಕೇಳಿದರೆ ದೊಡ್ಡ ಮ್ಯೂಸಿಯಂಗಿಂತ ನನಗೆ ಹತ್ತಿರ ಮ್ಯಾನ್‌ಹಾಟನ್ನಿನಲ್ಲೇ ಇರುವ ಎಲ್ಡ್ರಿಜ್ ಸ್ಟ್ರೀಟಿನ ಮ್ಯೂಸಿಯಂ. 12ನೇ ನಂಬರಿನ ಆ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ, 1887ರಲ್ಲಿ ಕಟ್ಟಿದ್ದು. ಕಟ್ಟಿದವರು ಪೂರ್ವ ಯುರೋಪಿನಿಂದ ಬಂದಿಳಿದವರು. ಕಿಷ್ಕಿಂಧೆಯಂಥ ಬಾಡಿಗೆ ಮನೆಗಳಲ್ಲಿ ಇದ್ದುಕೊಂಡು ಇಷ್ಟು ಎತ್ತರದ ಚಾವಣಿ ಎಬ್ಬಿಸಿದ್ದಾರೆ. 1924ರ ವಲಸೆ ಕಾನೂನು ಹೊಸಬರು ಬರುವುದನ್ನು ಬಹುಪಾಲು ನಿಲ್ಲಿಸಿತು, ಇದ್ದವರ ಮಕ್ಕಳು ಬ್ರಾಂಕ್ಸ್, ಬ್ರೂಕ್ಲಿನ್ ಅಂತ ಹೋದರು. 1950ರ ದಶಕದಲ್ಲಿ ಮೇಲಿನ ದೊಡ್ಡ ಸಭಾಂಗಣಕ್ಕೆ ಬೀಗ ಬಿತ್ತು. ಉಳಿದ ಕೆಲವರು ಕೆಳಗಿನ ಅಂತಸ್ತಿನಲ್ಲಿ ಪ್ರಾರ್ಥನೆ ಮುಂದುವರಿಸಿದರು, ಮೇಲೆ ಪಾರಿವಾಳ ಸೇರಿಕೊಂಡವು. 1986ರಿಂದ 2007ರವರೆಗೆ, ಸುಮಾರು 1.85 ಕೋಟಿ ಡಾಲರ್ ಖರ್ಚಿನಲ್ಲಿ ದುರಸ್ತಿಯಾಯಿತು. ಸುತ್ತ ಈಗ ಪೂರ್ತಿ ಚೈನಾಟೌನ್.

ಅಲ್ಲಿ ಚಾವಣಿ ನೋಡುವ ಮೊದಲು ನೆಲ ನೋಡು. ಬೆಂಚುಗಳ ನಡುವೆ ಮರದ ಹಲಗೆ ಸವೆದು ಗುಳಿ ಬಿದ್ದಿದೆ. ಅವರು ಪ್ರಾರ್ಥನೆ ಮಾಡುವಾಗ ನಿಂತಲ್ಲೇ ಹಿಂದೆ ಮುಂದೆ ತೂಗುತ್ತಾರೆ. ವರ್ಷಗಟ್ಟಲೆ ಅವೇ ಜಾಗದಲ್ಲಿ ತೂಗಿದ ಕಾಲುಗಳ ಗುರುತು ಅದು. ನನ್ನ ಕಾಲು ಅದರಲ್ಲಿ ಇಟ್ಟಾಗ ಅಜ್ಜಿಮನೆಯ ಕಡೆಯುವ ಕಲ್ಲಿನ ಪಕ್ಕ ಅಜ್ಜಿ ಕೂತೂ ಕೂತೂ ನುಣುಪಾದ ನೆಲ ನೆನಪಾಯಿತು.

ಜೂನ್ ತಿಂಗಳ ಒಂದು ಭಾನುವಾರ ಆ ಬೀದಿಯಲ್ಲಿ 'ಎಗ್ ರೋಲ್ಸ್, ಎಗ್ ಕ್ರೀಮ್ಸ್ ಅಂಡ್ ಎಂಪನಾಡಾಸ್' ಅಂತ ಹಬ್ಬ ನಡೆಯುತ್ತದೆ. ದುಡ್ಡು ಕೊಡಬೇಕಾಗಿಲ್ಲ. ಒಂದು ಕಡೆ ಕ್ಲೆಜ್ಮರ್, ಇನ್ನೊಂದು ಕಡೆ ಚೀನೀ ಒಪೆರಾ, ಪೋರ್ಟೊರಿಕೊದವರ ಡೋಲು. ಒಂದು ಮೇಜಿನಲ್ಲಿ ಹೀಬ್ರೂ ಅಕ್ಷರ ಬರೆಯುವವರು, ಪಕ್ಕದಲ್ಲೇ ಚೀನೀ ಕುಂಚ. ಎಗ್ ಕ್ರೀಮ್ ಹೆಸರು ಕೇಳಿ ನಾನು ನಾಲ್ಕು ವರ್ಷ ದೂರ ಇಟ್ಟಿದ್ದೆ. ಅದರಲ್ಲಿ ಮೊಟ್ಟೆಯೂ ಇಲ್ಲ, ಕ್ರೀಮೂ ಇಲ್ಲ. ಚಾಕೊಲೇಟ್ ಸಿರಪ್, ಹಾಲು, ಮೇಲಿನಿಂದ ಸೋಡಾ. ನೊರೆ ಇಳಿಯುವ ಮೊದಲು ಕುಡಿದು ಮುಗಿಸಬೇಕು. ಎಗ್ ರೋಲ್ ಮಾತ್ರ ಕೇಳಿ ತಗೋ, ಹಾಳೆಗೆ ಮೊಟ್ಟೆ ಹಾಕಿರಬಹುದು.

ಊಟದ್ದು ಇಷ್ಟು ತಿಳಿದುಕೋ. ಕೋಷರ್ ಅಂದರೆ ಯಹೂದಿಗಳ ಊಟದ ನೇಮ, ಅದರಲ್ಲಿ ಹಾಲು ಮಾಂಸ ಸೇರುವಂತಿಲ್ಲ. ಹಾಗಾಗಿ ಕೋಷರ್ ಡೈರಿ ಅಂಗಡಿಯಲ್ಲಿ ಮಾಂಸ ಇರುವುದಿಲ್ಲ, ಆದರೆ ಮೀನು ಮೊಟ್ಟೆ ಇರಬಹುದು. ಹ್ಯೂಸ್ಟನ್ ಸ್ಟ್ರೀಟಿನ ಯೋನಾ ಶಿಮ್ಮೆಲ್ ಅಂಗಡಿಯ ಆಲೂಗಡ್ಡೆ ಕ್ನಿಶ್ ನಮ್ಮ ಬೋಂಡಾದ ದೊಡ್ಡಣ್ಣ, ಖಾರ ಮಾತ್ರ ಕೇಳಬೇಡ. ಲೆಕ್ಸಿಂಗ್ಟನ್ ಅವೆನ್ಯೂದಲ್ಲಿ ದೋಸೆ ಹೋಟೆಲುಗಳೇ ಕೋಷರ್ ಸರ್ಟಿಫಿಕೇಟ್ ತೂಗುಹಾಕಿಕೊಂಡಿದ್ದನ್ನು ನೋಡಿದ್ದೇನೆ. ಟೋಪಿ ಹಾಕಿದ ಯಹೂದಿ ಕುಟುಂಬ ಮಸಾಲೆದೋಸೆ ಮುರಿಯುವುದನ್ನು ನೋಡುವುದೇ ಚೆಂದ. ನಿನ್ನ ಹಿರಿಯರಿಗೆ ವಾಪಸ್ ಊಟ ಹಾಕಿಸಬೇಕು ಅನಿಸಿದರೆ ಅಲ್ಲಿಗೆ ಕರೆದುಕೊಂಡು ಹೋಗು.

ಎಲ್ಡ್ರಿಜ್ ಸ್ಟ್ರೀಟಿನಿಂದ ಸ್ವಲ್ಪ ನಡೆದರೆ ಈಸ್ಟ್ ಬ್ರಾಡ್‌ವೇನಲ್ಲಿ ಒಂದು ಎತ್ತರದ ಹಳೇ ಕಟ್ಟಡ, ಮೇಲೆ ಯಿಡ್ಡಿಷ್ ಪತ್ರಿಕೆ ಫೋರ್ವರ್ಟ್ಸ್ ಹೆಸರು. ಈಗ ಶ್ರೀಮಂತರ ಅಪಾರ್ಟ್‌ಮೆಂಟು. ಆ ಪತ್ರಿಕೆಯಲ್ಲಿ 1906ರಿಂದ 'ಬಿಂಟೆಲ್ ಬ್ರೀಫ್', ಅಂದರೆ ಕಾಗದಗಳ ಕಟ್ಟು, ಎಂಬ ಅಂಕಣ ಬರುತ್ತಿತ್ತು. ಹೊಸದಾಗಿ ಬಂದವರು ಗೊತ್ತಾಗದ್ದನ್ನೆಲ್ಲ ಬರೆದು ಕೇಳುತ್ತಿದ್ದರು, ಸಂಪಾದಕರು ಉತ್ತರ ಕೊಡುತ್ತಿದ್ದರು. ನೀನು ನನಗೆ ಬರೆದಂಥದ್ದೇ.

ದಾರಿ ಸುಲಭ. ದೊಡ್ಡ ಮ್ಯೂಸಿಯಂಗೆ ಪಾತ್ ಟ್ರೇನಿನಲ್ಲಿ ವರ್ಲ್ಡ್ ಟ್ರೇಡ್ ಸೆಂಟರ್ ಇಳಿದು ನದಿ ದಂಡೆ ಹಿಡಿದು ದಕ್ಷಿಣಕ್ಕೆ ನಡೆ. ಎಲ್ಡ್ರಿಜ್ ಸ್ಟ್ರೀಟಿಗೆ 14ನೇ ಬೀದಿಯಲ್ಲಿ ಎಫ್ ರೈಲು ಹತ್ತಿ ಈಸ್ಟ್ ಬ್ರಾಡ್‌ವೇನಲ್ಲಿ ಇಳಿ. ಶನಿವಾರ ಎರಡೂ ಮುಚ್ಚಿರುತ್ತವೆ, ಅದು ಅವರ ಶಬ್ಬಾತ್, ವಾರದ ವಿಶ್ರಾಂತಿಯ ದಿನ. ಸಂಗೀತಕ್ಕೆ ಒಂದೂವರೆ ಗಂಟೆ ಮುಂಚೆ ಹೋಗಿ ಪ್ರದರ್ಶನ ನೋಡು. ಅಲ್ಲಿ ಸೆಲ್ಫಿ ಬೇಡ.

ಜೂನ್ ಹಬ್ಬಕ್ಕೆ ನಾವು ಮನೆಮಂದಿಯೆಲ್ಲ ಹೋಗುತ್ತೇವೆ, ನೀನೂ ಬಾ. ಎಗ್ ಕ್ರೀಮ್ ನನ್ನ ಲೆಕ್ಕ. ಚಕ್ಕುಲಿ ತರುತ್ತೇನೆ, ಈ ಸಲ ಬೇರೆ ಚೀಲದಲ್ಲಿ.