ಹಳೆಯ ಚಿಕ್ಕ ಪಿಕಪ್ ಕಮ್ಮಿ ದುಡ್ಡಲ್ಲಿ ರೆಡಿ ಮಾಡಬೇಕು, ಯಾವುದರಿಂದ ಶುರು ಮಾಡಲಿ?

ನೀವು ಕೇಳಿದ್ದು ಇಷ್ಟು: 1980ರ ದಶಕದ ಕೊನೆಯ ಟೊಯೊಟಾ ಹೈಲಕ್ಸ್ ಒಂದು ಸಿಗ್ತಾ ಇದೆ, 22ಆರ್ ಪೆಟ್ರೋಲ್ ಎಂಜಿನ್, ಸ್ಟಾರ್ಟ್ ಆಗುತ್ತೆ, ಅಲ್ಲಲ್ಲಿ ತುಕ್ಕು ಹಿಡಿದಿದೆ. ಗಾಡಿ ಎತ್ತರಿಸಿ, 31 ಇಂಚಿನ ಟೈರ್ ಹಾಕಿ, ಆಮೇಲೆ ದೊಡ್ಡ ಎಂಜಿನ್ ಕೂರಿಸುವ ಆಸೆ. ಬಜೆಟ್ ಬಿಗಿ. ಮೂರರಲ್ಲಿ ಯಾವುದು ಮೊದಲು?

ಮೂರೂ ಮೊದಲಲ್ಲ. ಗಾಡಿ ಈಗ ಓಡ್ತಾ ಇದೆ ಅನ್ನೋದೇ ನಿಮ್ಮ ಹತ್ತಿರ ಇರುವ ದೊಡ್ಡ ಆಸ್ತಿ, ಅದನ್ನು ಕಳಕೊಳ್ಳಬೇಡಿ. ನನ್ನ ಮೊದಲ ಪಿಕಪ್ಪನ್ನು ಎರಡೇ ದಿನದಲ್ಲಿ ಪೂರ್ತಿ ಬಿಚ್ಚಿ ಹಾಕಿದ್ದೆ. ಬೋಲ್ಟುಗಳನ್ನೆಲ್ಲ ಒಂದೇ ಬಕೆಟ್ಟಿಗೆ ಸುರಿದಿದ್ದೆ. ಯಾವುದು ಎಲ್ಲಿಯದು ಅಂತ ನೆನಪಿರುತ್ತೆ ಅನ್ನೋ ಧೈರ್ಯ. ಎರಡು ವರ್ಷ ಸ್ಟ್ಯಾಂಡ್ ಮೇಲೆ ನಿಂತಿತ್ತು, ಕೊನೆಗೆ ಬಿಡಿಭಾಗಗಳ ಲೆಕ್ಕದಲ್ಲಿ ಮಾರಿದೆ. ಎರಡನೆಯದರಲ್ಲಿ ಒಂದೇ ನಿಯಮ: ವಾರದ ಕೊನೆಗೆ ಏನು ಬಿಚ್ಚಿದರೂ ಭಾನುವಾರ ರಾತ್ರಿಯೊಳಗೆ ಗಾಡಿ ಮತ್ತೆ ಓಡಬೇಕು. ಆ ಗಾಡಿ ಈಗಲೂ ನನ್ನ ಹತ್ತಿರ ಇದೆ.

ದುಡ್ಡಿನ ವಿಷಯ. ಒಟ್ಟು ನೂರು ಇದೆ ಅಂದುಕೊಳ್ಳಿ. ಗಾಡಿ ಖರೀದಿಗೆ 40ಕ್ಕಿಂತ ಜಾಸ್ತಿ ಹೋಗಬಾರದು. ಬ್ರೇಕು, ಸ್ಟೀರಿಂಗು, ಟೈರಿಗೆ 30. ಇನ್ನು 25ನ್ನು ಮುಟ್ಟಲೇಬೇಡಿ, ಅದು ಬಿಚ್ಚಿದ ಮೇಲೆ ಕಾಣಿಸುವ ರಗಳೆಗೆ. ಉಳಿದ 5ರಲ್ಲಿ ನಿಮ್ಮ ಶೋಕಿ. ಕೇಳೋಕೆ ಬೇಜಾರಾಗುತ್ತೆ, ನಿಜ.

ಈಗ ಗಾಡಿ ನೋಡುವುದು. ಇಂಥ ಪಿಕಪ್‌ಗಳಲ್ಲಿ ಕ್ಯಾಬಿನ್ ಬೇರೆ, ಹಿಂದಿನ ಲೋಡ್ ಬಾಡಿ ಬೇರೆ, ಎರಡೂ ಏಣಿಯಂಥ ಚಾಸಿಸ್ ಮೇಲೆ ಕೂತಿರುತ್ತವೆ. ಬಾಡಿಯ ತುಕ್ಕಿಗೆ ಹೆದರಬೇಡಿ, ಬಾಗಿಲು, ಫೆಂಡರ್ ಗುಜರಿಯಲ್ಲಿ ಸಿಗುತ್ತೆ. ಚಾಸಿಸ್ ತುಕ್ಕು ಹಿಡಿದಿದ್ದರೆ ಮಾತ್ರ ಕೈಮುಗಿದು ಬಂದುಬಿಡಿ. ಚಿಕ್ಕ ಸುತ್ತಿಗೆ, ಟಾರ್ಚು ತಗೊಂಡು ಕೆಳಗೆ ಮಲಗಿ. ಕ್ಯಾಬಿನ್ ಹಿಂಭಾಗ, ಹಿಂದಿನ ಆಕ್ಸಲ್ ಮೇಲೆ ಚಾಸಿಸ್ ಬಾಗುವ ಜಾಗ, ಕಮಾನು ಪಟ್ಟಿಯ ತುದಿ ಸಿಕ್ಕಿಸಿರುವ ಬ್ರಾಕೆಟ್ಟು, ಈ ಮೂರು ಕಡೆ ತಟ್ಟುತ್ತಾ ಹೋಗಿ. ಗಟ್ಟಿ ಕಬ್ಬಿಣ ಠಣ್ ಅನ್ನುತ್ತೆ. ಒಳಗೆ ಪದರ ಬಿಟ್ಟಿದ್ದರೆ ದಬ್ ಅಂತ ಸತ್ತ ಶಬ್ದ, ಜೊತೆಗೆ ಡ್ರೈನ್ ತೂತಿನಿಂದ ಕಂದು ಚಕ್ಕೆ ಉದುರುತ್ತೆ. ಕೆಳಗೆಲ್ಲ ಹೊಸದಾಗಿ ಕಪ್ಪು ಬಣ್ಣ ಬಳಿದಿದ್ದರೆ ನನಗಂತೂ ಅನುಮಾನ ಜಾಸ್ತಿ. ಮೇಲೆ ಥಳಕು ಒಳಗೆ ಹುಳುಕು ಅನ್ನೋದು ಇಂಥದ್ದಕ್ಕೇ.

ಎಂಜಿನ್ ಬಗ್ಗೆ ಒಳ್ಳೆಯ ಸುದ್ದಿ. 22ಆರ್ ಅಂದರೆ 2,366 ಸಿಸಿ, ನಾಲ್ಕು ಸಿಲಿಂಡರ್, ಕಾರ್ಬುರೇಟರ್. 22ಆರ್-ಇ ಆದರೆ ಫ್ಯುಯೆಲ್ ಇಂಜೆಕ್ಷನ್. ವೇಗ ಇಲ್ಲ, ಆದರೆ ಬಲು ತಾಳಿಕೆ. ಇದರ ಗೊತ್ತಿರುವ ರೋಗ ಟೈಮಿಂಗ್ ಚೈನು, ಅಂದರೆ ಎಂಜಿನ್ನಿನ ವಾಲ್ವ್‌ಗಳು ಸರಿಯಾದ ಹೊತ್ತಿಗೆ ತೆರೆದು ಮುಚ್ಚುವಂತೆ ನೋಡಿಕೊಳ್ಳುವ ಚೈನು. ಚೈನನ್ನು ದಾರಿಯಲ್ಲಿ ಇಡುವ ಪ್ಲಾಸ್ಟಿಕ್ ಗೈಡು ವರ್ಷಗಳು ಕಳೆದಂತೆ ಮುರಿಯುತ್ತೆ. ಆಮೇಲೆ ಚೈನು ಮುಂದಿನ ಅಲ್ಯೂಮಿನಿಯಂ ಕವರನ್ನು ಒಳಗಿಂದ ಉಜ್ಜುತ್ತೆ. ಉಜ್ಜಿ ಉಜ್ಜಿ ಕೂಲಂಟ್ ಹರಿಯುವ ಜಾಗಕ್ಕೇ ತೂತಾದರೆ ನೀರು ಆಯಿಲ್‌ಗೆ ಸೇರುತ್ತೆ. ಡಿಪ್‌ಸ್ಟಿಕ್ ಎಳೆದಾಗ ಆಯಿಲ್ ಹಾಲು ಬೆರೆಸಿದ ಹಾಗಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಮೇಲಿನ ಹೆಡ್ಡಿಗೂ ನಡುವಿನ ಸೀಲು) ಹೋಗಿದೆ ಅಂತ ತೀರ್ಮಾನಿಸುವ ಮೊದಲು ಈ ಕವರನ್ನೂ ನೆನಪಿಟ್ಟುಕೊಳ್ಳಿ.

ಸಾಧ್ಯವಾದರೆ ಕಂಪ್ರೆಷನ್ ಟೆಸ್ಟ್ ಮಾಡಿ, ಅಂದರೆ ಪ್ರತಿ ಸಿಲಿಂಡರಿನ ಒಳಗೆ ಎಷ್ಟು ಒತ್ತಡ ಬರುತ್ತೆ ಅಂತ ಗೇಜಿನಿಂದ ಅಳೆಯಿರಿ. ನಾಲ್ಕೂ ಸ್ಪಾರ್ಕ್ ಪ್ಲಗ್ ತೆಗೆದು, ಇಗ್ನಿಷನ್ ಕನೆಕ್ಷನ್ ಬಿಡಿಸಿ, ಒಂದೊಂದಾಗಿ ಪ್ಲಗ್ ತೂತಿಗೆ ಗೇಜ್ ಹಾಕಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೆಯಬೇಕು. ಅತಿ ಕಮ್ಮಿ ಬಂದದ್ದು ಅತಿ ಜಾಸ್ತಿ ಬಂದದ್ದರ ಮುಕ್ಕಾಲಿಗಿಂತ ಕೆಳಗಿದ್ದರೆ ಆ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ. ಏರಿದರೆ ಪಿಸ್ಟನ್ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಕಡೆ ನೋಡಿ. ನಾಲ್ಕೂ ಹೆಚ್ಚುಕಮ್ಮಿ ಸಮ ಇದ್ದರೆ, ಸುಮ್ಮನೆ ಆಯಿಲು, ಪ್ಲಗ್ಗು, ಬಿರುಕು ಬಿಟ್ಟ ವ್ಯಾಕ್ಯೂಮ್ ಪೈಪು ಬದಲಿಸಿ ಓಡಿಸಿ.

ಬೇರೆ ಎಂಜಿನ್ ಕೂರಿಸುವುದು ಮೂಗಿಗಿಂತ ಮೂಗುತಿ ಭಾರ ಆದ ಹಾಗೆ. ಎಂಜಿನ್ ಅಗ್ಗಕ್ಕೇ ಸಿಗಬಹುದು. ಅದರ ಹಿಂದೆ ಬರುವ ಮೌಂಟು, ಗೇರ್‌ಬಾಕ್ಸ್ ಅಡಾಪ್ಟರು, ರೇಡಿಯೇಟರು, ಪ್ರೊಪೆಲ್ಲರ್ ಶಾಫ್ಟ್ ಅಳತೆ, ಎಕ್ಸಾಸ್ಟು, ಅದಕ್ಕೂ ಮೇಲೆ ವೈರಿಂಗು, ಇವು ಕೈ ಕಚ್ಚುತ್ತವೆ. ನಿಮ್ಮ ಬಜೆಟ್ಟಿನಲ್ಲಿ ಈ ಆಸೆಗೆ ಜಾಗವಿಲ್ಲ. ಬಿಟ್ಟುಬಿಡಿ.

ನಾನು ಹೆಚ್ಚು ಸಮಯ ಕೊಡುವುದು ಬ್ರೇಕಿಗೆ. ಹಳೆಯ ರಬ್ಬರ್ ಹೋಸ್ ಹೊರಗೆ ಚೆನ್ನಾಗೇ ಕಾಣುತ್ತೆ, ಒಳಗೆ ಊದಿಕೊಂಡು ದಾರಿ ಮುಚ್ಚಿರುತ್ತೆ. ಪೆಡಲ್ ತುಳಿದಾಗ ಒತ್ತಡಕ್ಕೆ ಫ್ಲೂಯಿಡ್ ನುಗ್ಗುತ್ತೆ, ಕಾಲು ತೆಗೆದರೆ ವಾಪಸು ಬರಲ್ಲ. ನನ್ನ ಗಾಡಿ ಒಂದು ಬದಿಗೆ ಎಳೀತಾ ಇತ್ತು, ಒಂದು ಚಕ್ರ ಕೈಯಿಡಲಾಗದಷ್ಟು ಬಿಸಿ. ಕ್ಯಾಲಿಪರ್ (ಬ್ರೇಕ್ ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ಹೋಗಿದೆ ಅಂತ ಹೊಸದು ಹಾಕಿದೆ. ಪುನಃ ಅದೇ. ಕೊನೆಗೆ ಹೋಸ್ ಬಿಚ್ಚಿ ಬಾಯಿಟ್ಟು ಊದಿದರೆ ಗಾಳಿಯೇ ಹೋಗಲಿಲ್ಲ! (ಊದುವ ಮುಂಚೆ ಒರೆಸಿಕೊಳ್ಳಿ, ಆ ರುಚಿ ಎರಡು ದಿನ ಹೋಗಲ್ಲ.) ಹಿಂದಿನ ಡ್ರಮ್ ತೆಗೆದಾಗ ವೀಲ್ ಸಿಲಿಂಡರಿನ ರಬ್ಬರ್ ಟೋಪಿ ಬೆರಳಲ್ಲಿ ಎತ್ತಿ ನೋಡಿ; ಒಳಗೆ ಒದ್ದೆಯಿದ್ದರೆ ಅದು ಹೋಗಿದೆ ಅಂತಲೇ.

ಎತ್ತರಿಸುವ ಆಸೆಗೂ ಬ್ರೇಕಿಗೂ ಒಂದು ಗಂಟಿದೆ, ಬಹಳ ಜನ ಮರೆಯುವುದು ಇದನ್ನೇ. ಈ ಪಿಕಪ್‌ಗಳಲ್ಲಿ ಚಾಸಿಸ್ ಮೇಲೊಂದು ಬ್ರೇಕ್ ವಾಲ್ವ್, ಅಲ್ಲಿಂದ ಹಿಂದಿನ ಆಕ್ಸಲ್‌ಗೆ ಒಂದು ಕಡ್ಡಿ ಇರುತ್ತೆ. ಲೋಡ್ ಬಿದ್ದು ಗಾಡಿ ತಗ್ಗಿದರೆ ಹಿಂದಿನ ಬ್ರೇಕಿಗೆ ಜಾಸ್ತಿ ಒತ್ತಡ, ಖಾಲಿಯಿದ್ದರೆ ಕಮ್ಮಿ. ಖಾಲಿ ಪಿಕಪ್ಪಿನ ಹಿಂಭಾಗ ಹಗುರ, ಚಕ್ರ ಲಾಕ್ ಆಗಿ ಜಾರಬಾರದು ಅಂತ ಈ ಏರ್ಪಾಡು. ನೀವು ಸ್ಪ್ರಿಂಗ್ ಎತ್ತರಿಸಿದರೆ ಗಾಡಿ ಸದಾ ಖಾಲಿ ಇದೆ ಅಂತಲೇ ವಾಲ್ವ್ ತಿಳಿಯುತ್ತೆ, ಹಿಂದಿನ ಬ್ರೇಕ್ ನಾಮಕಾವಸ್ತೆ ಆಗುತ್ತೆ. ಎತ್ತರಿಸಿದಷ್ಟಕ್ಕೆ ಸರಿಯಾಗಿ ಆ ಕಡ್ಡಿಯ ಬ್ರಾಕೆಟ್ಟನ್ನೂ ಎತ್ತರಿಸಬೇಕು. ಮುಂದೆ ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಸಲಾಕೆ) ಇದ್ದರೆ ಅದರ ಬೋಲ್ಟ್ ತಿರುಗಿಸಿದರೆ ಪುಕ್ಕಟೆ ಎತ್ತರ ಸಿಗುತ್ತೆ, ಆದರೆ ಚಕ್ರ ಕೆಳಗಿಳಿಯುವ ಅವಕಾಶ ಅಷ್ಟೇ ಕಮ್ಮಿಯಾಗಿ ಪ್ರತಿ ಗುಂಡಿಗೂ ಧಡಾರ್ ಅನ್ನುತ್ತೆ.

ಟೈರಿನ ಲೆಕ್ಕ ನೀವೇ ಹಾಕಬಹುದು. ಈಗ 225/75 ಆರ್15 (ಅಗಲ 225 ಮಿಲಿಮೀಟರ್, ಪಕ್ಕದ ಗೋಡೆಯ ಎತ್ತರ ಅಗಲದ ಶೇ. 75, ರಿಮ್ 15 ಇಂಚು) ಇದೆ ಅಂದುಕೊಂಡರೆ ಅದರ ವ್ಯಾಸ ಸುಮಾರು 718 ಮಿಲಿಮೀಟರ್. 31 ಇಂಚು ಅಂದರೆ 787. ಹತ್ತಿರ ಹತ್ತಿರ ಶೇ. 10ರಷ್ಟು ದೊಡ್ಡದು. ಸ್ಪೀಡೋಮೀಟರ್ 100 ತೋರಿಸುವಾಗ ಗಾಡಿ ಸುಮಾರು 110ರಲ್ಲಿರುತ್ತೆ. ಕ್ರೌನ್-ಪಿನಿಯನ್ (ಆಕ್ಸಲ್ ಒಳಗಿನ ಗೇರ್ ಜೋಡಿ) ಅನುಪಾತ 4.10 ಇದ್ದರೆ ಅದು 3.74 ಇದ್ದ ಹಾಗೆ ನಡೆದುಕೊಳ್ಳುತ್ತೆ. ಮೊದಲೇ ನಿಧಾನದ ಎಂಜಿನ್, ಏರು ಸಿಕ್ಕ ಕೂಡಲೇ ಗೇರ್ ಇಳಿಸಬೇಕು. ಸರಿಮಾಡಲು ಕ್ರೌನ್-ಪಿನಿಯನ್ ಬದಲಿಸಬೇಕು, ಫೋರ್ ವೀಲ್ ಡ್ರೈವ್ ಆದರೆ ಮುಂದೆಯೂ ಹಿಂದೆಯೂ. ಕಂಪನಿ ಕೊಟ್ಟ ಅಳತೆಯಲ್ಲೇ ಒಳ್ಳೆಯ ಟೈರ್ ಹಾಕಿ.

ವೈರಿಂಗ್ ತಲೆನೋವು ಮುಕ್ಕಾಲು ಪಾಲು ಅರ್ಥಿಂಗಿನದು. ಇಂಡಿಕೇಟರ್ ಹಾಕಿದಾಗ ಬ್ರೇಕ್ ಲೈಟೂ ಜೊತೆಗೆ ಮಿಣಮಿಣ ಅಂದರೆ ಲೋಡ್ ಬಾಡಿಯ ಅರ್ಥ್ ಬೋಲ್ಟ್ ಬಿಚ್ಚಿ ಉಜ್ಜಿ ಹಾಕಿ, ಮುಗೀತು.

ಹೈಲಕ್ಸ್ ಕೈತಪ್ಪಿದರೆ ಬೇರೆ ಹಳೆಯ ಪಿಕಪ್‌ಗಳನ್ನೂ ನೋಡಿ, ಆದರೆ ಅಣ್ಣತಮ್ಮಂದಿರನ್ನು ತಿಳಿದಿಟ್ಟುಕೊಳ್ಳಿ. ಹಳೆಯ ಫೋರ್ಡ್ ಕೊರಿಯರ್ ಮಾಡಿದ್ದು ಮಜ್ದಾ, ಶೆವ್ರೊಲೆ ಎಲ್‌ಯುವಿ ಮಾಡಿದ್ದು ಇಸುಜು. ಒಂದು ಹೆಸರಲ್ಲಿ ಸಿಗದ ಪಾರ್ಟು ಇನ್ನೊಂದು ಹೆಸರಲ್ಲಿ ಸಿಗುತ್ತೆ.

ಗಾಡಿ ನೋಡಲು ಹೋಗುವ ದಿನ, ನಾನು ಬರುವ ತನಕ ಸ್ಟಾರ್ಟ್ ಮಾಡಬೇಡಿ ಅಂತ ಮಾಲೀಕರಿಗೆ ಮೊದಲೇ ಹೇಳಿ. ಹೋದ ತಕ್ಷಣ ಬಾನೆಟ್ ಮೇಲೆ ಕೈಯಿಡಿ. ಬೆಚ್ಚಗಿದ್ದರೆ ಮಾತಾಡ್ತಾ ಕಾಯಿರಿ, ಪೂರ್ತಿ ತಣ್ಣಗಾಗಲಿ. ಗೈಡು ಮುರಿದಿದ್ದರೆ ಟೈಮಿಂಗ್ ಚೈನು ಮಾಡುವ ಗಲಗಲ ಸದ್ದು ತಣ್ಣಗಿನ ಎಂಜಿನ್ನಿನ ಮೊದಲ ಕೆಲವು ಸೆಕೆಂಡಿನಲ್ಲೇ ಎದ್ದು ಕೇಳುವುದು.