ಷೇರುಪೇಟೆ ಪ್ರಶ್ನೋತ್ತರ: ಎಫ್‌ಐಐ ಶಾರ್ಟ್ ಇದ್ದರೆ ನಿಫ್ಟಿ ಬೀಳಲೇಬೇಕೇ?

ಪ್ರಶ್ನೆ: ನಮ್ಮ ವಾಟ್ಸ್‌ಆ್ಯಪ್ ಗುಂಪಿನಲ್ಲಿ ದಿನಾ ರಾತ್ರಿ ‘ಎಫ್‌ಐಐ ಲಾಂಗ್ 15%, ಶಾರ್ಟ್ 85%’ ಎಂಬಂಥ ಸಂದೇಶ ಬರುತ್ತದೆ. ಒಬ್ಬರು ನಾಳೆ ಕುಸಿತ ಖಚಿತ ಎನ್ನುತ್ತಾರೆ. ಇನ್ನೊಬ್ಬರು ಇಷ್ಟು ಶಾರ್ಟ್ ಇದ್ದರೆ ಏರಲೇಬೇಕು ಎನ್ನುತ್ತಾರೆ. ಯಾರ ಮಾತು ಸರಿ?
— ಕೋಡಿಬಾಗ, ಕಾರವಾರ

ಉತ್ತರ: ಇಬ್ಬರ ಮಾತಿಗೂ ಆ ಒಂದು ಅಂಕಿಯ ಆಧಾರ ಸಾಲದು. ಎಫ್‌ಐಐ ಎಂದರೆ ವಿದೇಶಿ ಸಾಂಸ್ಥಿಕ ಹೂಡಿಕೆದಾರರು. ಬೆಲೆ ಏರಿದರೆ ಲಾಭ ತರುವ ಪೊಸಿಷನ್ ಲಾಂಗ್, ಇಳಿದರೆ ಲಾಭ ತರುವುದು ಶಾರ್ಟ್. ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ (ಎನ್‌ಎಸ್‌ಇ) ಪ್ರತಿದಿನ ವಹಿವಾಟು ಮುಗಿದ ಮೇಲೆ, ಯಾವ ವರ್ಗದವರ ಕೈಯಲ್ಲಿ ಎಷ್ಟು ಫ್ಯೂಚರ್, ಆಪ್ಷನ್ ಕಾಂಟ್ರಾಕ್ಟ್ ಉಳಿದಿದೆ ಎಂಬ ಪಟ್ಟಿಯನ್ನು ತನ್ನ ಜಾಲತಾಣದಲ್ಲಿ ಹಾಕುತ್ತದೆ. ಅದರಲ್ಲಿ ನಾಲ್ಕು ವರ್ಗಗಳು: ಕ್ಲೈಂಟ್, ಡಿಐಐ (ದೇಶೀಯ ಸಂಸ್ಥೆಗಳು), ಎಫ್‌ಐಐ, ಪ್ರೊ. ಪ್ರೊ ಎಂದರೆ ಬ್ರೋಕರ್ ಸಂಸ್ಥೆಗಳ ಸ್ವಂತ ವಹಿವಾಟು. ಕ್ಲೈಂಟ್ ಎಂದರೆ ನಮ್ಮಂಥ ಚಿಲ್ಲರೆಯವರು ಮಾತ್ರ ಎಂದು ಬಹಳ ಜನ ತಿಳಿದಿದ್ದಾರೆ. ದೊಡ್ಡ ಶ್ರೀಮಂತರು, ಕಂಪನಿಗಳು ಕೂಡ ಅದರಲ್ಲೇ ಸೇರುತ್ತಾರೆ.

ಎಫ್‌ಐಐ ಸಾಲಿನಲ್ಲಿ ಇಂಡೆಕ್ಸ್ ಫ್ಯೂಚರ್ (ಸೂಚ್ಯಂಕವನ್ನು ಮುಂದಿನ ದಿನಾಂಕಕ್ಕೆ ಈಗಲೇ ನಿಗದಿಯಾದ ಬೆಲೆಗೆ ಕೊಳ್ಳುವ, ಮಾರುವ ಒಪ್ಪಂದ) ಲಾಂಗ್ 30,000, ಶಾರ್ಟ್ 1,70,000 ಇದೆ ಎಂದುಕೊಳ್ಳಿ. 30,000ವನ್ನು ಒಟ್ಟು 2,00,000ದಿಂದ ಭಾಗಿಸಿದರೆ 15%. ನಿವ್ವಳ 1,40,000 ಶಾರ್ಟ್. ಪ್ರತಿ ಶಾರ್ಟ್‌ಗೂ ಎದುರಿಗೆ ಒಂದು ಲಾಂಗ್ ಇರಲೇಬೇಕು, ಆದ್ದರಿಂದ ಉಳಿದ ಮೂರೂ ವರ್ಗ ಸೇರಿ ಅಷ್ಟೇ ನಿವ್ವಳ ಲಾಂಗ್ ಹೊಂದಿರುತ್ತವೆ. ಇನ್ನು ಎಫ್‌ಐಐ ಶಾರ್ಟ್ ಎಲ್ಲವೂ ಕುಸಿತದ ಮೇಲಿನ ಬಾಜಿಯಲ್ಲ. ಅವರ ಬಳಿ ಇರುವ ಷೇರುಗಳಿಗೆ ರಕ್ಷಣೆಯಾಗಿ ಮಾರಿದ ಫ್ಯೂಚರ್‌ಗಳೂ ಅದರಲ್ಲಿವೆ. ಗುಜರಾತಿನ ಗಿಫ್ಟ್ ಸಿಟಿಯಲ್ಲಿ ನಡೆಯುವ ನಿಫ್ಟಿ ಫ್ಯೂಚರ್ ಆದ ಗಿಫ್ಟ್ ನಿಫ್ಟಿಯಲ್ಲಿ ಅವರು ಇಟ್ಟುಕೊಂಡ ಪೊಸಿಷನ್ ಈ ಪಟ್ಟಿಗೆ ಬರುವುದೇ ಇಲ್ಲ.

ಹಾಗಾದರೆ ಇದರಿಂದ ಏನು ತಿಳಿಯುತ್ತದೆ? ಯಾರು ಎಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆ, ಬೆಲೆ ಅವರ ವಿರುದ್ಧ ಹೋದರೆ ಯಾರು ಅವಸರದಲ್ಲಿ ಹೊರಬರಬೇಕಾಗುತ್ತದೆ ಎಂಬುದು ತಿಳಿಯುತ್ತದೆ. ಬೆಲೆ ಯಾವ ಕಡೆ ಹೋಗುತ್ತದೆ ಎಂಬುದು ತಿಳಿಯುವುದಿಲ್ಲ. ಶಾರ್ಟ್ ತುಂಬಿಕೊಂಡ ಸ್ಥಿತಿ ವಾರಗಟ್ಟಲೆ ಹಾಗೇ ಉಳಿಯಬಹುದು. ಆದ್ದರಿಂದ ಮಟ್ಟಕ್ಕಿಂತ ಬದಲಾವಣೆಯನ್ನು ನೋಡಿ, ಅದೂ ಲಾಂಗ್, ಶಾರ್ಟ್ ಎರಡನ್ನೂ ಬೇರೆ ಬೇರೆಯಾಗಿ. ಮರುದಿನ ಶಾರ್ಟ್ 1,45,000ಕ್ಕೆ ಇಳಿದು ಲಾಂಗ್ ಅಷ್ಟೇ ಇದ್ದರೆ ಅನುಪಾತ 17.1%. ಶಾರ್ಟ್ ಅಷ್ಟೇ ಇದ್ದು ಲಾಂಗ್ 35,100ಕ್ಕೆ ಏರಿದರೂ 17.1%. ಮೊದಲನೆಯದು ಶಾರ್ಟ್ ಕವರಿಂಗ್, ಅಂದರೆ ಮಾರಿದ್ದನ್ನು ವಾಪಸ್ ಕೊಂಡು ಮುಚ್ಚುವುದು. ಕವರ್ ಮಾಡುವವರು ಮುಗಿದಂತೆ ಅದರ ಕಸುವೂ ಮುಗಿಯುತ್ತದೆ. ಎರಡನೆಯದು ಹೊಸ ಖರೀದಿ. ಗುಂಪಿನ ಸಂದೇಶದಲ್ಲಿ ಎರಡೂ ಒಂದೇ ಆಗಿ ಕಾಣುತ್ತವೆ.

ತಿಂಗಳ ಎಕ್ಸ್‌ಪೈರಿಯ (ಕಾಂಟ್ರಾಕ್ಟ್ ಅವಧಿ ಮುಗಿಯುವ ದಿನ) ಆಸುಪಾಸಿನ ಬದಲಾವಣೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ಹಳೆಯ ಸರಣಿಯ ಕಾಂಟ್ರಾಕ್ಟ್‌ಗಳು ತಾವಾಗಿಯೇ ಅಳಿದುಹೋಗುತ್ತವೆ, ಅದು ಕವರಿಂಗ್ ಅಲ್ಲ.

ಪ್ರಶ್ನೆ: ಆಪ್ಷನ್ ಚೈನ್‌ನಲ್ಲಿ ಕಾಲ್ ಓಪನ್ ಇಂಟರೆಸ್ಟ್ ಹೆಚ್ಚಿರುವ ಸ್ಟ್ರೈಕ್ ಮೇಲಿನ ತಡೆ, ಪುಟ್ ಹೆಚ್ಚಿರುವುದು ಕೆಳಗಿನ ಆಧಾರ ಎಂದು ಯೂಟ್ಯೂಬ್‌ನಲ್ಲಿ ಕಲಿತೆ. ಕೆಲವು ದಿನ ಸರಿಯಾಗುತ್ತದೆ, ಕೆಲವು ದಿನ ನಿಫ್ಟಿ ಅದನ್ನು ಸೀಳಿಕೊಂಡು ಹೋಗುತ್ತದೆ. ಪಿಸಿಆರ್ (ಪುಟ್-ಕಾಲ್ ಅನುಪಾತ) ನೋಡಿದರೆ ಸಾಕೇ?
— ಕುಮಟಾ

ಉತ್ತರ: ಕಾಲ್ ಎಂದರೆ ನಿಗದಿತ ಬೆಲೆಗೆ (ಸ್ಟ್ರೈಕ್) ಕೊಳ್ಳುವ ಹಕ್ಕು, ಪುಟ್ ಎಂದರೆ ಮಾರುವ ಹಕ್ಕು. ಆ ಹಕ್ಕಿಗೆ ತೆರುವ ಬೆಲೆ ಪ್ರೀಮಿಯಂ. ಇನ್ನೂ ಮುಚ್ಚದೆ ಉಳಿದ ಕಾಂಟ್ರಾಕ್ಟ್‌ಗಳ ಸಂಖ್ಯೆಯೇ ಓಪನ್ ಇಂಟರೆಸ್ಟ್. ಆ ಪಾಠದ ಹಿಂದೆ ಒಂದು ಊಹೆ ಇದೆ: ಆಪ್ಷನ್ ಮಾರಿದವರು ಬಲಾಢ್ಯರು, ಅವರು ಬೆಲೆಯನ್ನು ತಮ್ಮ ಸ್ಟ್ರೈಕ್ ದಾಟಲು ಬಿಡುವುದಿಲ್ಲ ಎಂದು. ಸೂಚ್ಯಂಕ ನಿಧಾನವಾಗಿ ಚಲಿಸುವ ದಿನ ಇದು ನಿಜದಂತೆ ಕಾಣುತ್ತದೆ. ನಿಫ್ಟಿ 25,000ದಲ್ಲಿದೆ, 25,200ರ ಕಾಲ್‌ನಲ್ಲಿ ದೊಡ್ಡ ರಾಶಿ ಇದೆ ಎನ್ನಿ. ಬೆಲೆ 25,180 ಮುಟ್ಟಿ ಇನ್ನೂ ಏರುತ್ತಿದ್ದರೆ ಮಾರಿದವರು ಕೈ ಕಟ್ಟಿ ಕೂರಲಾರರು. ಕಾಲ್ ವಾಪಸ್ ಕೊಳ್ಳಬೇಕು, ಇಲ್ಲವೇ ಫ್ಯೂಚರ್ ಕೊಂಡು ನಷ್ಟ ತಡೆಯಬೇಕು. ಎರಡೂ ಬೆಲೆಯನ್ನು ಇನ್ನಷ್ಟು ಮೇಲಕ್ಕೆ ತಳ್ಳುತ್ತವೆ. ನಿನ್ನೆಯವರೆಗೆ ಅಣೆಕಟ್ಟಿನಂತಿದ್ದ ಸ್ಟ್ರೈಕ್ ಒಡೆಯುವುದು ಹೀಗೆ. ಎಕ್ಸ್‌ಪೈರಿಯ ದಿನ ಮಧ್ಯಾಹ್ನದ ಮೇಲೆ ಇದರ ವೇಗ ಹೆಚ್ಚು.

ಆದ್ದರಿಂದ ಬೆಲೆ ಹತ್ತಿರ ಬಂದಾಗ ಆ ಸ್ಟ್ರೈಕ್‌ನ ಓಪನ್ ಇಂಟರೆಸ್ಟ್ ಹೆಚ್ಚುತ್ತಿದೆಯೋ ಇಳಿಯುತ್ತಿದೆಯೋ ನೋಡಿ. ಬೆಲೆ ಏರುತ್ತ, ಕಾಲ್ ಓಪನ್ ಇಂಟರೆಸ್ಟ್ ಕರಗುತ್ತ, ಪ್ರೀಮಿಯಂ ಜಿಗಿಯುತ್ತಿದ್ದರೆ ಮಾರಿದವರು ಓಡುತ್ತಿದ್ದಾರೆ ಎಂದರ್ಥ. ಅಲ್ಲಿ ‘ತಡೆ ಇದೆ’ ಎಂದು ಕಾಲ್ ಮಾರುವುದು ಅಪಾಯ. ಕೆಲವು ಆ್ಯಪ್‌ಗಳು ಓಪನ್ ಇಂಟರೆಸ್ಟನ್ನು ಲಾಟ್ (ಒಂದು ಕಾಂಟ್ರಾಕ್ಟ್‌ನಲ್ಲಿರುವ ಯೂನಿಟ್‌ಗಳ ಕಂತೆ) ಲೆಕ್ಕದಲ್ಲಿ, ಕೆಲವು ಯೂನಿಟ್ ಲೆಕ್ಕದಲ್ಲಿ ತೋರಿಸುತ್ತವೆ. ಎರಡನ್ನು ಬೆರೆಸಿ ಹೋಲಿಸಬೇಡಿ.

ಪಿಸಿಆರ್ ಎಂದರೆ ಪುಟ್ ಓಪನ್ ಇಂಟರೆಸ್ಟನ್ನು ಕಾಲ್‌ನದರಿಂದ ಭಾಗಿಸಿದ್ದು. ಸೂಚ್ಯಂಕ ಏರಿದಂತೆ ಪುಟ್ ಮಾರುವವರು ಹೆಚ್ಚುತ್ತಾರೆ, ಪಿಸಿಆರ್ ಏರುತ್ತದೆ. ಅಂದರೆ ಅದು ಬಹುಪಾಲು ಆಗಿಹೋದ ಏರಿಳಿತವನ್ನೇ ಮತ್ತೊಮ್ಮೆ ಹೇಳುತ್ತದೆ. ನೋಡಲೇಬೇಕೆಂದರೆ ಒಂದೇ ಎಕ್ಸ್‌ಪೈರಿಯದನ್ನು, ಎಕ್ಸ್‌ಪೈರಿಗೆ ಅಷ್ಟೇ ದಿನ ಬಾಕಿಯಿದ್ದ ಹಿಂದಿನ ವಾರಗಳ ಜೊತೆ ಹೋಲಿಸಿ. ಮ್ಯಾಕ್ಸ್ ಪೇನ್‌ಗೆ (ಆಪ್ಷನ್ ಕೊಂಡವರಿಗೆ ಒಟ್ಟಾರೆ ಹೆಚ್ಚು ನಷ್ಟವಾಗುವ ಸ್ಟ್ರೈಕ್) ನಾನು ಬೆಲೆ ಕೊಡುವುದಿಲ್ಲ; ಸೂಚ್ಯಂಕ ಸರಿದಂತೆ ಅದೂ ಹಿಂದೆಯೇ ಸರಿಯುತ್ತದೆ. ಅದಕ್ಕಿಂತ ಹತ್ತಿರದ ಸ್ಟ್ರೈಕ್‌ನ ಕಾಲ್, ಪುಟ್ ಎರಡರ ಪ್ರೀಮಿಯಂ ಕೂಡಿಸಿ. 25,000ದ ಕಾಲ್ 140, ಪುಟ್ 130 ಇದ್ದರೆ 270. ಎಕ್ಸ್‌ಪೈರಿಯೊಳಗೆ 24,730ರಿಂದ 25,270ರ ನಡುವಿನ ಓಡಾಟಕ್ಕೆ ಪೇಟೆ ಈಗಾಗಲೇ ಬೆಲೆ ಕಟ್ಟಿದೆ ಎಂದು ಅದರಿಂದ ಸ್ಥೂಲವಾಗಿ ತಿಳಿಯುತ್ತದೆ.

ಪ್ರಶ್ನೆ: ತೋಟದ ಕೆಲಸ ಮುಗಿಸಿ ರಾತ್ರಿ ಒಂದು ಗಂಟೆ ಬಿಡುವು ಸಿಗುತ್ತದೆ. ಈ ಅಂಕಿಅಂಶವನ್ನು ಎಕ್ಸೆಲ್‌ನಲ್ಲಿ ಹಾಕಿ, ನಿಜಕ್ಕೂ ಕೆಲಸ ಮಾಡುತ್ತದೆಯೇ ಎಂದು ನಾನೇ ಪರೀಕ್ಷಿಸುವುದು ಹೇಗೆ?
— ಶಿರಸಿ

ಉತ್ತರ: ಬಹಳ ಒಳ್ಳೆಯ ಪ್ರಶ್ನೆ. ಎಲ್ಲರೂ ಮೊದಲು ಮಾಡಬೇಕಾದ ಕೆಲಸ ಇದೇ.

ದಿನಕ್ಕೊಂದು ಸಾಲು ಇಡಿ. ದಿನಾಂಕ, ಎಫ್‌ಐಐ ಇಂಡೆಕ್ಸ್ ಫ್ಯೂಚರ್ ಲಾಂಗ್, ಶಾರ್ಟ್, ಅನುಪಾತ, ಮತ್ತೆ ನಿಫ್ಟಿಯ ಆರಂಭ, ಮುಕ್ತಾಯ. ಕಾಂಟ್ರಾಕ್ಟ್ ಸಂಖ್ಯೆಗಿಂತ ಅನುಪಾತವನ್ನೇ ಬಳಸಿ. 2024ರ ನವೆಂಬರ್‌ನಲ್ಲಿ ಹೊಸ ನಿಫ್ಟಿ ಕಾಂಟ್ರಾಕ್ಟ್‌ಗಳ ಲಾಟ್ 25ರಿಂದ 75 ಆಯಿತು. ಅಷ್ಟೇ ಮೌಲ್ಯದ ಪೊಸಿಷನ್‌ಗೆ ಕಾಂಟ್ರಾಕ್ಟ್ ಸಂಖ್ಯೆ ಮೂರನೇ ಒಂದಕ್ಕೆ ಇಳಿಯುತ್ತದೆ. ಪಟ್ಟಿಯಲ್ಲಿ ನಿಫ್ಟಿ, ಬ್ಯಾಂಕ್ ನಿಫ್ಟಿ ಎಲ್ಲ ಸೂಚ್ಯಂಕಗಳೂ ಒಟ್ಟಿಗೇ ಇರುವುದರಿಂದ ಲಾಟ್‌ನಿಂದ ಗುಣಿಸಿ ಸರಿಪಡಿಸಲೂ ಆಗುವುದಿಲ್ಲ. ಮುಂದಿನ ಕಾಲಂನಲ್ಲಿ ಇಂದಿನ ಅನುಪಾತ ಹಿಂದಿನ 250 ದಿನಗಳಲ್ಲಿ ಎಷ್ಟನೇ ಶೇಕಡಾ ಸ್ಥಾನದಲ್ಲಿದೆ ಎಂದು ಪರ್ಸೆಂಟ್‌ರ‍್ಯಾಂಕ್ ಸೂತ್ರದಿಂದ ತೆಗೆಯಿರಿ.

ಹೆಚ್ಚಿನವರು ತಪ್ಪುವುದು ಇದರ ಮುಂದಿನ ಹೆಜ್ಜೆಯಲ್ಲಿ. ಪಟ್ಟಿ ಬರುವುದು ಸಂಜೆ. ಆದ್ದರಿಂದ ಲಾಭ ನಷ್ಟವನ್ನು ಮರುದಿನದ ಆರಂಭದ ಬೆಲೆಯಿಂದಲೇ ಲೆಕ್ಕ ಹಾಕಬೇಕು. ಅದೇ ದಿನದ ಮುಕ್ತಾಯದಿಂದ ಹಿಡಿದರೆ, ರಾತ್ರಿಯ ಸುದ್ದಿಗೆ ಬೆಳಿಗ್ಗೆ ಆದ ಜಿಗಿತವೂ ನಿಮ್ಮ ಲಾಭದಲ್ಲಿ ಸೇರಿಬಿಡುತ್ತದೆ. ಪರೀಕ್ಷೆ ಚಿನ್ನದಂತೆ ಕಾಣುತ್ತದೆ, ಕೈಗೆ ಕಾಸು ಬರುವುದಿಲ್ಲ.

ಐದು ದಿನಗಳ ಫಲಿತಾಂಶ ನೋಡುತ್ತೀರಿ ಎನ್ನಿ. ವರ್ಷಕ್ಕೆ 250 ಸಾಲು ಇದ್ದರೂ ಪಕ್ಕಪಕ್ಕದ ಸಾಲುಗಳಲ್ಲಿ ನಾಲ್ಕು ದಿನ ಒಂದೇ ಆಗಿರುತ್ತವೆ. ಸ್ವತಂತ್ರ ಉದಾಹರಣೆಗಳು ಸುಮಾರು 50 ಮಾತ್ರ. 50ರಲ್ಲಿ ಬರೀ ನಾಣ್ಯ ಚಿಮ್ಮಿದರೂ 36%ನಿಂದ 64%ವರೆಗೆ ಬರುವುದು ಸಹಜ. ಹಾಗಾಗಿ ‘60% ಸಲ ಸರಿಯಾಯಿತು’ ಎಂಬುದಕ್ಕೆ ತೂಕವಿಲ್ಲ. ಜೊತೆಗೆ ಯಾವ ಸೂಚನೆಯೂ ಇಲ್ಲದೆ ಆ ಅವಧಿಯ ಎಷ್ಟು ಐದು-ದಿನಗಳು ಏರಿದ್ದವು ಎಂದು ಎಣಿಸಿ. ಅದು 56% ಇದ್ದು ನಿಮ್ಮ ಸೂಚನೆ 58% ಕೊಟ್ಟರೆ ಅದರಲ್ಲಿ ಹುರುಳಿಲ್ಲ.

10%, 12%, 15% ಎಂದು ಇಪ್ಪತ್ತು ಮಿತಿ ಬದಲಿಸಿ ನೋಡಿದರೆ ಒಂದಾದರೂ ಆಕಸ್ಮಿಕವಾಗಿ ಚೆನ್ನಾಗಿ ಕಂಡೇ ಕಾಣುತ್ತದೆ. ಅದಕ್ಕೇ ಮೊದಲ ಮೂರನೇ ಎರಡು ಭಾಗದಲ್ಲಿ ನಿಯಮ ಗಟ್ಟಿ ಮಾಡಿ, ಉಳಿದ ಭಾಗದ ಮೇಲೆ ಒಂದೇ ಸಲ ಪರೀಕ್ಷಿಸಿ. ಆಮೇಲೆ ತಿದ್ದಬೇಡಿ. ಆಪ್ಷನ್ ಅಂಕಿ ಬಳಸುವುದಾದರೆ 2025ರ ಸೆಪ್ಟೆಂಬರ್ 1ರ ಹಿಂದಿನದನ್ನೂ ಮುಂದಿನದನ್ನೂ ಬೇರೆ ಇಡಿ. ಅಂದಿನಿಂದ ನಿಫ್ಟಿ ಎಕ್ಸ್‌ಪೈರಿ ಗುರುವಾರದಿಂದ ಮಂಗಳವಾರಕ್ಕೆ ಬಂದಿದೆ.

ಪ್ರಶ್ನೆ: ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟೂ ನೆಟ್‌ವರ್ಕೂ ಯಾವಾಗ ಹೋಗುತ್ತದೆ ಗೊತ್ತಿಲ್ಲ. ಸ್ಟಾಪ್‌ಲಾಸ್ ಹಾಕಿ ಆಪ್ಷನ್ ಮಾರಬಹುದೇ?
— ಯಲ್ಲಾಪುರ

ಉತ್ತರ: ಬೇಡ. ಎನ್‌ಎಸ್‌ಇಯಲ್ಲಿ ಆಪ್ಷನ್‌ಗೆ ಮಾರುಕಟ್ಟೆ ಬೆಲೆಯ ಸ್ಟಾಪ್‌ಲಾಸ್ (ನಷ್ಟ ಒಂದು ಮಿತಿ ಮುಟ್ಟಿದಾಗ ತಾನೇ ಹೊರಬರುವ ಆರ್ಡರ್) 2021ರಿಂದ ಇಲ್ಲ. ಟ್ರಿಗರ್ (ಆರ್ಡರ್ ಜಾಗೃತವಾಗುವ ಬೆಲೆ) ಜೊತೆ ಲಿಮಿಟ್ (ಕೊಡಲು ಒಪ್ಪುವ ಗರಿಷ್ಠ) ಬೆಲೆಯನ್ನೂ ಕೊಡಬೇಕು. ಪ್ರೀಮಿಯಂ 100ರಿಂದ ಒಮ್ಮೆಲೇ 135ಕ್ಕೆ ಹಾರಿದರೆ, ನಿಮ್ಮ 120ರ ಟ್ರಿಗರ್, 125ರ ಲಿಮಿಟ್ ಎರಡನ್ನೂ ದಾಟಿಹೋಗಿ ಆರ್ಡರ್ ತುಂಬದೆ ಉಳಿಯುತ್ತದೆ. ನಿಮಗೆ ಅದು ಗೊತ್ತಾಗುವುದು ಟವರ್ ಮರಳಿ ಬಂದ ಮೇಲಷ್ಟೆ. ಲಾಟ್ 65 ಎಂದು ಹಿಡಿದರೆ, 25,000ದಲ್ಲಿರುವ ನಿಫ್ಟಿ 1% ಸರಿದಾಗ ಒಂದು ಫ್ಯೂಚರ್ ಲಾಟ್‌ನಲ್ಲಿ 16,250 ರೂಪಾಯಿಯ ವ್ಯತ್ಯಾಸ. ಬೆಲೆ ಮಾರಿದ ಆಪ್ಷನ್‌ನ ಸ್ಟ್ರೈಕನ್ನು ಸಾಕಷ್ಟು ದಾಟಿದ ಮೇಲೆ ಅದೂ ಹೆಚ್ಚುಕಡಿಮೆ ಅದೇ ವೇಗದಲ್ಲಿ ನಷ್ಟ ಕೊಡುತ್ತದೆ. ಮಾರಲೇಬೇಕೆಂದರೆ ಮೊದಲು ದೂರದ ಸ್ಟ್ರೈಕ್‌ನ ಆಪ್ಷನ್ ಕೊಂಡು, ಆಮೇಲೆ ಹತ್ತಿರದ್ದನ್ನು ಮಾರಿ. 25,200ರ ಕಾಲ್ ಮಾರಿ 25,400ರದ್ದನ್ನು ಕೊಂಡಿದ್ದರೆ ಗರಿಷ್ಠ ನಷ್ಟ 200 ಅಂಶದಲ್ಲಿ ಕೈಗೆ ಬಂದ ನಿವ್ವಳ ಪ್ರೀಮಿಯಂ ಕಳೆದು ಉಳಿದಷ್ಟು. ನೆಟ್‌ವರ್ಕ್ ಇಲ್ಲದಿದ್ದರೂ ಅದು ಮೀರುವುದಿಲ್ಲ. ಹೊರಬರುವಾಗ ಮಾರಿದ್ದನ್ನು ಮೊದಲು ಮುಚ್ಚಿ. ಕೊಂಡದ್ದನ್ನು ಮೊದಲು ಮಾರಿದರೆ ಮಾರ್ಜಿನ್ (ಇಡಬೇಕಾದ ಠೇವಣಿ) ಒಮ್ಮೆಲೇ ಏರಿ ಖಾತೆಯಲ್ಲಿ ಹಣ ಸಾಲದೆ ದಂಡ ಬೀಳಬಹುದು.